ಬ್ಯಾರನ್ ಮುಂದಿನ ತಣ್ಣನೆ ಬೆವರು

ಎಂಬತ್ತೆರಡು.

ಶಿವರುದ್ರಮ್ಮ ಸಕ್ಕರೆ ನೋಡುವ ಮಿಷನ್ನಿನ ಗಾಜನ್ನು ಸೆರಗಿನಿಂದ ಒರೆಸಿ ಇನ್ನೊಂದು ಸಲ ನೋಡಿದಳು. ಎಂಟು, ಎರಡು. ಸುಳ್ಳಲ್ಲ. ಇಪ್ಪತ್ತು ದಿನದ ಹಿಂದೆ ಗಂಡನ ಇದೇ ಬೆರಳಿನ ರಕ್ತ ಬರಿಹೊಟ್ಟೆಯಲ್ಲೇ ಇನ್ನೂರ ನಲವತ್ತು ತೋರಿಸಿತ್ತು.

"ಇಳೀತು ಕಣ್ರೀ! ನಾನ್ ಯೋಳ್ಲಿಲ್ವಾ, ಹುರುಳಿ ಸೂಪಿಗೆ ಇಳೀದೆ ಎಲ್ಲೋಯ್ತದೆ ಅಂತ?"

"ಮುದ್ದೆ ಕಿತ್ಕೊಂಡೆ, ಬೆಲ್ಲ ಕಿತ್ಕೊಂಡೆ," ಎಂದ ಕಂಠಪ್ಪ, ಚುಚ್ಚಿದ ಬೆರಳನ್ನು ಬಾಯಿಗಿಟ್ಟುಕೊಂಡು. "ಇನ್ನು ಉಳಿದಿರೋದು ನಾನೊಬ್ಬ."

ಅವನು ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಪಿರಿಯಾಪಟ್ಟಣದಲ್ಲಿದ್ದ ಅವಳ ಅಣ್ಣ ವೀರಭದ್ರಸ್ವಾಮಿಗೆ ಇದೇ ಸಕ್ಕರೆ ಕಾಯಿಲೆಯಲ್ಲಿ ಮೊದಲು ಹೆಬ್ಬೆರಳು ಹೋಗಿತ್ತು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ತನಕ. ಅವನನ್ನು ನೋಡಿಕೊಂಡು ಹನಗೋಡಿಗೆ ವಾಪಸು ಬಂದ ದಿನವೇ ಅವಳು ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಕೊನೆಗೆ ಮೊಮ್ಮಕ್ಕಳಿಗೆಂದು ಇಟ್ಟಿದ್ದ ಪೆಪ್ಪರ್‌ಮಿಂಟನ್ನೂ ಒಂದು ಡಬ್ಬಕ್ಕೆ ತುಂಬಿ ಪಕ್ಕದ ಮನೆ ರಾಮಮ್ಮನಿಗೆ ಕೊಟ್ಟುಬಿಟ್ಟಳು. ಇಟ್ಟರೆ ತಾನೇ ಯಜಮಾನರು ಕದಿಯುವುದು. ಎರಡು ಸಲ ಹಿಡಿದಿದ್ದಳು, ಎರಡು ಸಲವೂ ದವಡೆಯಲ್ಲಿ ಬೆಲ್ಲದುಂಡೆ ಒತ್ತಿಟ್ಟುಕೊಂಡು, ಹಲ್ಲುನೋವು ಅಂತ ಸುಳ್ಳು ಹೇಳಿದ್ದರು.

ಹುಣಸೂರಿನ ಡಾಕ್ಟರು ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಅರ್ಧ ಗಂಟೆಯೊಳಗೆ ಊಟ ಮಾಡಬೇಕು ಅಂದಿದ್ದರು. ಊಟ ಅಂದರೆ ಸೂಪೂ ಊಟವೇ ಅಲ್ಲವೇ? ರಾತ್ರಿ ನೆನೆಸಿದ ಹುರುಳಿಯನ್ನು ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಮೆಣಸು ಜೀರಿಗೆ ಜಜ್ಜಿ ಹಾಕಿ ಅವಳು ಮಾಡುತ್ತಿದ್ದ ಸೂಪಿನ ವಾಸನೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮೊದಮೊದಲು ಅದರ ಜೊತೆ ಅರ್ಧ ಮುದ್ದೆ. ನಂಬರು ಇಳಿದಂತೆ ನಿಂಬೆಹಣ್ಣಿನಷ್ಟು. ನಾಲ್ಕು ದಿನದಿಂದ ಅದೂ ಇಲ್ಲ, ಬರೀ ಸೂಪು. ಸೂಜಿ ಮಾತ್ರ ಮೊದಲಿನಷ್ಟೇ. ಇದನ್ನು ಡಾಕ್ಟರಿಗೆ ಹೇಳಬೇಕು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಇಳಿದರೆ ಒಳ್ಳೆಯದು, ಜ್ವರ ಇಳಿದಂತೆ. ಅಷ್ಟೇ ಅವಳ ಲೆಕ್ಕ.

ಅವತ್ತೂ ಅಷ್ಟೇ. ಸೂಜಿ ಚುಚ್ಚಿಕೊಂಡು ಒಂದು ಬಟ್ಟಲು ಸೂಪು ಕುಡಿದು, ಕಂಠಪ್ಪ ಹಿತ್ತಲಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಹೋದ. ಸೊಪ್ಪನ್ನು ಒಳಗೆ ಏರಿಸಿ ಎರಡು ದಿನವಾಗಿತ್ತು. ಎಲೆ ಹಳದಿ ಕಟ್ಟಿತ್ತು, ಇನ್ನು ಕಾವನ್ನು ಮೆಲ್ಲಗೆ ಏರಿಸಿ ಒಣಗಿಸಬೇಕು. ಕಾವು ತಟಕ್ಕನೆ ಬಿದ್ದರೆ ಎಲೆ ಕಪ್ಪು. ಅದಕ್ಕೇ ಅವನು ಒಲೆ ಬಿಟ್ಟು ಏಳುವವನಲ್ಲ. ಗೋಡೆಗೆ ಅಂಗೈ ಒತ್ತಿ, ಒಳಗೆ ಥರ್ಮಾಮೀಟರು ಎಷ್ಟು ತೋರಿಸುತ್ತಿದೆ ಅಂತ ಹೇಳಬಲ್ಲವನು.

ಹನ್ನೊಂದಕ್ಕೆ ಅವಳು ಎರಡನೆಯ ಬಟ್ಟಲು ಹಿಡಿದು ಹೋದಾಗ ಅವನು ಒಲೆಯ ಮುಂದೆ ಇರಲಿಲ್ಲ. ಬೇವಿನ ಮರದ ಕೆಳಗೆ ಸೌದೆ ರಾಶಿಯ ಮೇಲೆ ಕೂತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕೊರಳಿನಿಂದ ನೀರು ಇಳಿಯುತ್ತಿತ್ತು.

ಒಲೆ ಕಾವು, ಅಂದುಕೊಂಡಳು. ಇದು ಪ್ರತಿ ಸೀಸನ್ನಿನ ಬೆವರು.

"ಥರ್ಮಾಮೀಟರ್ ನೋಡಿದ್ರಾ?"

"ಯಾರ್ ನೀನು, ನನ್ ಕೇಳಕ್ಕೆ?"

ಅವಳು ಬೆಚ್ಚಿದಳು. ಮೂವತ್ತು ವರ್ಷದಲ್ಲಿ ಜಗಳವಾಡಿಲ್ಲವೆಂದಲ್ಲ, ಆದರೆ ಈ ಸ್ವರ ಕೇಳಿರಲಿಲ್ಲ. ಬಟ್ಟಲು ಕೊಟ್ಟಳು. ಅವನ ಕೈ ನಡುಗಿ ಅರ್ಧ ಸೂಪು ತೊಡೆಯ ಮೇಲೆ ಚೆಲ್ಲಿತು. ಬಿಸಿಬಿಸಿ ಸೂಪು, ಅವನು ಹಾ ಅನ್ನಲಿಲ್ಲ. ಒರೆಸಲು ಹೋಗಿ ಅವನ ಕತ್ತು ಮುಟ್ಟಿದಳು.

ತಣ್ಣಗಿತ್ತು.

ಒಲೆ ಮುಂದಿನಿಂದ ಎದ್ದು ಬಂದವನ ಮೈ ಸುಡುತ್ತಿರುತ್ತದೆ, ಹೆಗಲ ಟವೆಲ್ಲೂ ಬಿಸಿ ಇರುತ್ತದೆ. ಇದು ಬೆಳಗಿನ ಬಾವಿಕಟ್ಟೆ ಮುಟ್ಟಿದ ಹಾಗಿತ್ತು. ಬೆವರೂ ತಣ್ಣಗೆ.

"ಇನ್ನೊಸಿ ಕುಡೀರಿ," ಎಂದು ಉಳಿದ ಸೂಪನ್ನು ಬಾಯಿಗೆ ಹಿಡಿದಳು. ಅವಳಿಗೆ ಗೊತ್ತಿದ್ದ ಔಷಧಿ ಅದೊಂದೇ. ಅವನು ಎರಡು ಗುಟುಕು ನುಂಗಿ ಮುಖ ತಿರುಗಿಸಿದ. ಅವಳು ಒಳಗೆ ಓಡಿ ಮಿಷನ್ ತಂದಳು, ಬೆರಳು ಚುಚ್ಚಿದಳು. ಐವತ್ತೊಂದು. ಆಶಾ ಕಾರ್ಯಕರ್ತೆ ಲಕ್ಷ್ಮಿದೇವಿಗೆ ಫೋನು ಹಚ್ಚಿದಳು.

"ಲಕ್ಷ್ಮಿ, ಇವ್ರು ಒಂಥರಾ ಆಡ್ತಾವ್ರೆ ಕಣವ್ವ. ಮೈಯೆಲ್ಲ ನೀರು. ಸಕ್ಕರೆ ಅಲ್ಲ, ಸಕ್ಕರೆ ಐವತ್ತೊಂದಕ್ಕೆ ಇಳಿದದೆ. ಇನ್ನೇನೋ ಆಗದೆ, ಎದೆಗಿದೆ ಇಡ್ಕೊಂಡದೋ ಏನೋ..."

"ಅಯ್ಯೋ ಅಕ್ಕ! ಅಷ್ಟು ಇಳೀಬಾರ್ದು ಕಣಕ್ಕ! ಸೂಜಿ ತಕೊಂಡ್ರಾ? ಏನ್ ತಿಂದವ್ರೆ?"

"ಸೂಪು."

"ಸೂಪ್ ಜೊತೆಗೆ?"

"ಬರೀ ಸೂಪೇ ಕಣವ್ವ."

"ಅಕ್ಕಾ, ಎಚ್ಚರ ಅದಲ್ಲ? ನುಂಗ್ತಾರಲ್ಲ? ಬೆಲ್ಲನೋ ಸಕ್ಕರೆನೋ ಬಾಯಿಗಾಕಿ, ಈಗ್ಲೇ! ಎಚ್ಚರ ತಪ್ಪಿದ್ರೆ ಏನೂ ಬಾಯಿಗಾಕ್ಬ್ಯಾಡಿ, ಆಂಬುಲೆನ್ಸ್ ಕರೀರಿ. ನಾ ಬಂದೆ."

ಬೆಲ್ಲ. ಮನೆಯಲ್ಲಿ ಒಂದು ಹರಳು ಸಕ್ಕರೆ ಇಲ್ಲ. ಇಲ್ಲದ ಹಾಗೆ ಮಾಡಿದವಳು ತಾನೇ.

ಪಕ್ಕದ ಜಗುಲಿಯಲ್ಲಿ ರಾಮಮ್ಮ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದಳು, ಕೈಯೆಲ್ಲ ಕಪ್ಪು ಅಂಟು. "ಡಬ್ಬ, ಡಬ್ಬ!" ಎಂದು ಇವಳು ಕೂಗಿದ್ದಕ್ಕೆ, "ಕೊಟ್ಟಿದ್ದ ವಾಪಸ್ ಇಸ್ಕೊಳಕ್ಕೆ ಬಂದ್ಯಾ, ನಾಚ್ಕೆಗೆಟ್ಟೋಳೆ," ಎಂದು ನಗಲು ಹೋದವಳು ಇವಳ ಮುಖ ನೋಡಿ ಎದ್ದಳು. ಅಂಟುಕೈಯಲ್ಲೇ ಡಬ್ಬ ಎತ್ತಿಕೊಂಡು ಇಬ್ಬರೂ ಓಡಿದರು.

ಕಂಠಪ್ಪ ಸೌದೆಯ ಮೇಲೆ ಒರಗಿದ್ದ. ಕಣ್ಣು ತೆರೆದಿತ್ತು, ನೋಟ ಎಲ್ಲೋ ಇತ್ತು. ಶಿವರುದ್ರಮ್ಮ ಬೆಲ್ಲದ ಚೂರನ್ನು ತುಟಿಗೆ ಹಿಡಿದರೆ ಅವನು ಬಾಯಿ ಬಿಗಿದುಕೊಂಡ.

"ಬ್ಯಾಡ."

"ತಿನ್ರೀ, ನಿಮ್ ಕಾಲಿಗೆ ಬೀಳ್ತೀನಿ."

"ಬ್ಯಾಡ," ಎಂದ ಅವನು, ಅವಳ ಮುಖವನ್ನೇ ನೋಡುತ್ತ, ಗುಟ್ಟು ಹೇಳುವವನ ಹಾಗೆ. "ರುದ್ರಿ ನೋಡಿದ್ರೆ ಬೈತಾಳೆ."

ರಾಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನ ಎದುರಿಗೇ ಕೂತು ತಾನು ರುದ್ರಿ ಅಂತ ಹೇಗೆ ಹೇಳುವುದು? ಶಿವರುದ್ರಮ್ಮ ಸುತ್ತ ನೋಡಿದಂತೆ ಮಾಡಿ ಅವನ ಕಿವಿಗೆ ಬಗ್ಗಿದಳು. "ಅವ್ಳು ಇಲ್ಲ. ಸಂತೆಗೋಗವ್ಳೆ. ಬಿರ್‍ನೆ ತಿನ್ನಿ."

ಅವನು ಬಾಯಿ ತೆರೆದ. ಬೆಲ್ಲವನ್ನು ದವಡೆಗೆ ಒತ್ತಿಟ್ಟುಕೊಂಡ, ಕದ್ದು ತಿನ್ನುವಾಗ ಮಾಡುತ್ತಿದ್ದ ಹಾಗೆಯೇ. ಗಂಟಲು ಆಡುವುದನ್ನು ಅವಳು ನೋಡಿದಳು. ಇನ್ನೊಂದು ಚೂರು. ಒಲೆಯಲ್ಲಿ ಸೌದೆ ಕುಸಿದ ಸದ್ದಾಯಿತು. ಉರಿ ತಗ್ಗುತ್ತಿದೆ, ಒಳಗೆ ಸೊಪ್ಪೆಲ್ಲ ಕಪ್ಪಾಗುತ್ತದೆ. ಆಗಲಿ. ಅವಳು ಅವನ ಕೈ ಬಿಡಲಿಲ್ಲ.

ಲಕ್ಷ್ಮಿದೇವಿ ಸ್ಕೂಟಿ ನಿಲ್ಲಿಸಿ ಓಡಿ ಬರುವಷ್ಟರಲ್ಲಿ ಬೆವರು ನಿಂತಿತ್ತು. ಅವನು ಕಣ್ಣು ಪಿಳುಕಿಸಿದ, ಮೂವರು ಹೆಂಗಸರನ್ನೂ ನೋಡಿದ, ಡಬ್ಬ ನೋಡಿದ.

"ಕಾವು ಎಷ್ಟದೆ?"

"ಬ್ಯಾರನ್ ಹಾಳಾಗೋಗ್ಲಿ!" ಎಂದಳು ಶಿವರುದ್ರಮ್ಮ, ಅಳು ನುಗ್ಗಿ ಬಂತು.

"ಹಾಳಾಗೋಗ್ಲಿ ಅಂತೀಯಲ್ಲಮ್ಮಿ. ಒಲೆಗೆ ಎರಡು ಕೊಳ್ಳಿ ಆಕು, ರಾಮಮ್ಮ."

ಬೆಲ್ಲದ ಅಂಟು ಇದ್ದರೆ ಮಿಷನ್ ಸುಳ್ಳು ಹೇಳುತ್ತದೆಂದು ಲಕ್ಷ್ಮಿದೇವಿ ಅವನ ಬೆರಳು ತೊಳೆಸಿ ಚುಚ್ಚಿದಳು. ತೊಂಬತ್ತೇಳು. ಫೋನಿನಲ್ಲಿ ಹುಣಸೂರಿನ ಡಾಕ್ಟರು ಬೈದರು: ಈಗಲೇ ಊಟ ಕೊಡಿ, ಮಧ್ಯಾಹ್ನವೇ ಕರೆದುಕೊಂಡು ಬನ್ನಿ, ಸೂಜಿ ಎಷ್ಟು ಅಂತ ನಾನು ಹೇಳಬೇಕು, ಮುದ್ದೆ ಎಷ್ಟು ಅಂತಲೂ ನಾನೇ ಹೇಳಬೇಕು. ಶಿವರುದ್ರಮ್ಮ ಎಲ್ಲದಕ್ಕೂ ಹೂಂ ಅಂದಳು. ತೊಂಬತ್ತೇಳು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಈಗ ಗೊತ್ತಾಗುತ್ತಿರಲಿಲ್ಲ.

ಎಸರಿಟ್ಟು, ಹಿಟ್ಟು ಹಾಕಿ ತಿರುವಿದಳು. ಅವನು ಅಡುಗೆಮನೆ ಬಾಗಿಲಲ್ಲಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದ. ಸೂಪಿನ ಬಟ್ಟಲು ಅವನ ಮುಂದೆ ಆವಿಯಾಡುತ್ತಿತ್ತು. ಅವಳು ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟಿದಳು. ದೊಡ್ಡದಾಯಿತು ಅನ್ನಿಸಿ ಒಂದು ಚೂರು ಮುರಿದಳು. ಚಿಕ್ಕದಾಯಿತು ಅನ್ನಿಸಿ ಅದನ್ನೇ ಮತ್ತೆ ಮೆತ್ತಿದಳು.

"ಆರೋಯ್ತದೆ ಕಣಮ್ಮಿ," ಎಂದ ಕಂಠಪ್ಪ.

ಅವಳು ಬಟ್ಟಲಿಗೆ ಮುದ್ದೆ ಇಟ್ಟಳು. ಆಮೇಲೆ, ಅವನು ಮೊದಲ ತುತ್ತು ಮುರಿಯುವ ಮುಂಚೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಕತ್ತು ಮುಟ್ಟಿ ನೋಡಿದಳು.