ಅಲ್ಲವ್ವನಿಗೆ ಬಾರದ ರೋಗ

ಕೆಂಚಪ್ಪ ಸತ್ತ ಮೇಲೆ ಕುಲಗೋಡದಲ್ಲಿ ಅಲ್ಲವ್ವನ ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಬೆನ್ನ ಹಿಂದೆ ಆಡಿದ್ದು ಮಾತ್ರ ಅವಳ ಕಿವಿಗೆ ಬೀಳದೆ ಇರಲಿಲ್ಲ. ಹೆಂಡತಿ ಹಚ್ಚಿಕೊಂಡು ಬಂದ ಕೊರೊನಾ ಗಂಡನನ್ನು ನುಂಗಿತು, ಅವಳು ಉಳಿದಳು, ಅವನು ಹೋದ ಎಂದು. ಅತ್ತೆ ಅಕ್ಕವ್ವ ಅಷ್ಟನ್ನೂ ಅನ್ನಲಿಲ್ಲ. ಸೊಸೆ ಬಡಿದ ರೊಟ್ಟಿ ಮುಟ್ಟುವುದನ್ನು ಬಿಟ್ಟು, ಪಡಸಾಲೆಯ ಮೂಲೆಯಲ್ಲಿ ತನ್ನದೇ ಒಂದು ಒಲೆ ಹೂಡಿಕೊಂಡಳು. ಒಂದೇ ಸೂರಿನ ಕೆಳಗೆ ಎರಡು ಹೊಗೆ ಏಳತೊಡಗಿದವು.

ಅಲ್ಲವ್ವನ ಮೈಯಲ್ಲಿ ಏನೋ ಕೆಟ್ಟಿದ್ದು ಕೊರೊನಾದ ಬೇಸಿಗೆಗಿಂತ ಬಹಳ ಮೊದಲು. ಚಳಿಗಾಲದ ಬೆಳಿಗ್ಗೆ ಭಾಂಡೆ ತಿಕ್ಕಲು ಕೂತರೆ ಬೆರಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಗಟ್ಟುತ್ತಿದ್ದವು. ಬರುಬರುತ್ತ ಬೆರಳ ಚರ್ಮ ಬಿಗಿದು ಮುಷ್ಟಿ ಕಟ್ಟುವುದೇ ಆಗದಾಯಿತು. ಜೊತೆಗೊಂದು ಒಣ ಕೆಮ್ಮು. ಕಬ್ಬಿನ ರವದಿ ಸುಟ್ಟ ಹೊಗೆಗೆ ಬಂದಿದೆ ಎಂದುಕೊಂಡು ಅವಳು ಸುಮ್ಮನಿದ್ದಳು.

ಕೊರೊನಾ ಎರಡನೆಯ ಸಲ ಊರೂರು ಹೊಕ್ಕ ಬೇಸಿಗೆಯಲ್ಲಿ ಅವಳಿಗೆ ಹತ್ತಿರದ ಕುರಿದಡ್ಡಿಯವರೆಗೆ ಹೋಗಿಬಂದರೂ ಏದುಸಿರು ಹತ್ತಿತು. ಕೆಂಚಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅವಳನ್ನು ಗೋಕಾಕಿಗೆ ಕರೆದೊಯ್ದ. ಗಂಟಲ ದ್ರವದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎದೆಯ ಸ್ಕ್ಯಾನ್‌ನಲ್ಲಿ ಮಾತ್ರ ಎರಡೂ ಪುಪ್ಪುಸದಲ್ಲಿ ಬಿಳಿ ಕಂಡಿತು. ಆ ದಿನಗಳಲ್ಲಿ ಬಿಳಿ ಕಂಡಿತೆಂದರೆ ಅದಕ್ಕೆ ಒಂದೇ ಹೆಸರು. ಆಸ್ಪತ್ರೆಯ ಜಗಲಿಯಲ್ಲೂ ಜನ ಮಲಗಿದ್ದರು. ನಿಂತು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅಲ್ಲವ್ವನನ್ನು ಕೊರೊನಾ ವಾರ್ಡಿಗೆ ಹಾಕಿದರು.

ಕೆಂಚಪ್ಪ ಬಾಗಿಲಲ್ಲಿ ನಿಂತು ಕೈಮುಗಿದ. "ಆಕಿಗೆ ಗಂಜಿ ವಾಟಿ ಹಿಡ್ಯಾಕ ಬರಾಂಗಿಲ್ರಿ, ಬೆರಳ ಮಡಚಾಂಗಿಲ್ಲ. ನಾ ಬಾಜೂಕ ಕುಂದರ್ತೀನ್ರಿ."

ಮೂಗಿಗೆ ಟವೆಲ್ ಸುತ್ತಿಕೊಂಡು ಒಳಗೆ ಹೋದವನು ಅವಳ ಮಂಚದ ಕೆಳಗೇ ಮಲಗಿದ. ಗಂಜಿ ಕುಡಿಸಿದ, ಬೆನ್ನು ನೀವಿದ. ಸುತ್ತ ಕೆಮ್ಮುವವರ ಸದ್ದು ಕೇಳಿ ಅಲ್ಲವ್ವನಿಗೇ ಭಯವಾಯಿತು.

"ನೀವು ಊರಿಗೆ ಹೋಗ್ರಿ. ಈ ಗಾಳ್ಯಾಗ ಇರಬ್ಯಾಡ್ರಿ."

"ಮರಿ ಈಯೋ ಕುರೀನ ಬಿಟ್ಟ ಹೋದಾಂವಲ್ಲ ನಾ," ಎಂದು ಅವನು ನಕ್ಕ. "ನಿನ್ನ ಬಿಟ್ಟ ಹೋಗ್ತೀನೇನ?"

ಔಷಧಕ್ಕೆ ಅವಳ ಉಸಿರು ಸ್ವಲ್ಪ ಹಗುರಾಯಿತು, ಮನೆಗೆ ಕಳಿಸಿದರು. ಮನೆ ಸೇರುವಷ್ಟರಲ್ಲಿ ಅವನಿಗೆ ಜ್ವರ. ಅವನನ್ನೂ ಅದೇ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿದರು, ಅಲ್ಲಿಂದ ಬೆಳಗಾವಿಗೆ ಒಯ್ದರು. ಮರಳಿ ಬರಲಿಲ್ಲ. ಪ್ಲಾಸ್ಟಿಕ್ ಸುತ್ತಿದ ಹೆಣವನ್ನು ಅಲ್ಲಿಯವರೇ ಮಣ್ಣು ಮಾಡಿದರು. ತಾಯಿಯೂ ಮುಖ ನೋಡಲಿಲ್ಲ, ಹೆಂಡತಿಯೂ ನೋಡಲಿಲ್ಲ. ಭಯಕ್ಕೆ ಊರಿನ ಯಾರೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮರುವರ್ಷ ಅಲ್ಲವ್ವನ ಉಸಿರು ಮತ್ತೆ ಕೆಟ್ಟಿತು. ಕೊರೊನಾ ಬಂದುಹೋದವರಿಗೆ ಹಾಗೇ ಎಂದು ಎಲ್ಲರೂ ಅಂದರು. ಮೂಡಲಗಿಗೆ ಕೊಟ್ಟ ಮಗಳು ಸುವರ್ಣಾ ಮಾತ್ರ ಕೇಳಲಿಲ್ಲ. ಟ್ರಂಕಿನಲ್ಲಿದ್ದ ಆಸ್ಪತ್ರೆಯ ಚೀಲವನ್ನು ಇದ್ದಂತೆಯೇ ಎತ್ತಿಕೊಂಡು, ಗೋಕಾಕಿನಲ್ಲಿ ಎದೆರೋಗ ನೋಡುವ ಡಾಕ್ಟರ್ ಸಂಘಮಿತ್ರಾ ಅವರ ಬಳಿ ತಾಯಿಯನ್ನು ಕರೆತಂದಳು.

ಡಾಕ್ಟರ್ ಚೀಲ ಬಿಚ್ಚುವ ಮೊದಲು ಅಲ್ಲವ್ವನ ಕೈ ಹಿಡಿದು ನೋಡಿದರು. ಬೆರಳನ್ನು ಒಂದೊಂದಾಗಿ ಒತ್ತಿದರು.

"ಥಂಡ್ಯಾಗ ಇವು ಬೆಳ್ಳಗಾಗ್ತಾವೇನ್ರಿ, ಅವ್ವಾರ? ಉಂಡಿದ್ದು ಎದ್ಯಾಗ ನಿಂತಂಗ ಆಗ್ತೈತಿ?"

"ಹೌದ್ರಿ. ಭಾಳ ದಿನಾತು. ಯಾರೂ ಕೇಳಿದ್ದಿಲ್ರಿ."

ರಕ್ತ ತೆಗೆಸಿದರು. ಈ ಸಲ ಬೋರಲು ಮಲಗಿಸಿ ಸ್ಕ್ಯಾನ್ ಮಾಡಿಸಿದರು. ವರದಿಗಳೆಲ್ಲ ಬಂದ ದಿನ ಹೊಸ ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ, ಪಕ್ಕಕ್ಕೆ ಚೀಲದ ಹಳೆಯವನ್ನೂ ಒಂದೊಂದಾಗಿ ಹಾಕಿದರು. ಮೂರನೆಯದನ್ನು ಹಾಕಿದವರು ಅದರ ಮೂಲೆಯ ಹೆಸರು ಓದಿ ಹಿಂದಿರುಗಿ ನೋಡಿದರು.

"ಕೆಂಚಪ್ಪ ಅಂದ್ರ ಯಾರ್ರಿ?"

"ನಮ್ಮ ಮನ್ಯಾರ್ರಿ. ಹೋದ್ರು, ಕೊರೊನಾದಾಗ."

ಡಾಕ್ಟರ್ ಅದನ್ನು ತೆಗೆಯಲು ಕೈ ಎತ್ತಿದರು.

"ತಗೀಬ್ಯಾಡ್ರಿ," ಎಂದಳು ಅಲ್ಲವ್ವ. ಎದ್ದು ಹಲಗೆಯ ಹತ್ತಿರ ಬಂದಳು. ಗಂಡನ ಎದೆಯೊಳಗನ್ನು ಅವಳು ನೋಡಿದ್ದು ಅದೇ ಮೊದಲು. "ಎರಡೂ ಒಂದ ರೋಗ ಹೌದಲ್ರಿ, ಡಾಕ್ಟರಬಾಯಾರ? ನಂದ ಅಲ್ಲೇನ್ರಿ ಅವರಿಗೆ ಹತ್ತಿದ್ದು?"

ಡಾಕ್ಟರ್ ಮಗಳ ಮುಖ ನೋಡಿದರು, ತಾಯಿಯ ಮುಖ ನೋಡಿದರು. ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ.

"ಅಲ್ರಿ. ಅವರದು ಕೊರೊನಾ. ಇಲ್ಲೊಂದು ಅಲ್ಲೊಂದು, ಅಂಚಿಗೆಲ್ಲಾ ತ್ಯಾಪಿ ಹಚ್ಚಿದಂಗ ಬಿಳಿ ಬಿದ್ದೈತಿ ನೋಡ್ರಿ. ನಿಮ್ಮದು ಹಂಗಿಲ್ಲ. ಎರಡೂ ಕಡೆ ಕೆಳಗ, ತಳದಾಗ ಅಷ್ಟ. ಮೀನಿನ ಬಲಿ ಹೆಣದಂಗ ಗೆರಿ ಅದಾವ. ಅನ್ನನಾಳನೂ ಅಗಲಾಗೇತಿ. ಹಳೇ ಫಿಲ್ಮ್‌ನಾಗೂ ಇದ ಐತಿ, ಹೊಸಾದ್ರಾಗೂ ಅದ ಜಾಗಾದಾಗ ಐತಿ. ಕೊರೊನಾ ಇದ್ರ ಇಷ್ಟೊತ್ತಿಗೆ ಕರಗ್ತಿತ್ತು, ಇಲ್ಲಾ ರೂಪಾ ಬದಲಾಗ್ತಿತ್ತು."

"ಹಂಗಾದ್ರ ನಂದೇನ್ರಿ?"

"ರೋಗದ ಕೂಡ ಹೊಡದಾಡೋ ಶಕ್ತಿ ಮೈಯಾಗ ಇರ್ತೈತಲ್ರಿ, ಅದು ದಾರಿ ತಪ್ಪಿ ನಿಮ್ಮ ಚರ್ಮಾ, ಪುಪ್ಪುಸಾನ ಹೊಡ್ಯಾಕತ್ತೈತಿ. ರಕ್ತದ ವರದಿಯಾಗೂ ಅದ ಬಂದೈತಿ. ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ. ಹಾಳಾಗಿದ್ದು ತಿರುಗಿ ಬರಾಂಗಿಲ್ಲ, ಮುಂದ ಹೋಗದಂಗ ಗುಳಿಗಿ ಕೊಡ್ತೀನಿ."

ಸುವರ್ಣಾ ಕೆಂಡವಾದಳು. "ಮೊದಲ ಸ್ಕ್ಯಾನ್ ನೋಡಿದವ್ರಿಗೆ ಕಣ್ಣಿದ್ದಿಲ್ಲೇನ್ರಿ?"

"ಮೊದಮೊದಲಿಗೆ ಎರಡೂ ಒಂದ ಥರಾ ಕಾಣ್ತಾವವ್ವಾ. ಆ ಗದ್ದಲದಾಗ ನಾನೂ ಹಂಗ ಅಂತಿದ್ನೇನೋ." ಅಲ್ಲವ್ವನ ಬೆರಳ ಕಡೆ ನೋಡುತ್ತ ಹೇಳಿದರು, "ಕೈ ಮುಟ್ಟಿ ನೋಡಿದ್ರ ಸಂಶೇ ಬರ್ತಿತ್ತು. ಆಗ ಯಾರೂ ಯಾರ್ನೂ ಮುಟ್ತಿದ್ದಿಲ್ಲ."

ಅಲ್ಲವ್ವ ಇನ್ನೂ ಗಂಡನ ಫಿಲ್ಮಿನ ಮುಂದೆಯೇ ನಿಂತಿದ್ದಳು. "ಅವರಿಗೆ ಎಲ್ಲಿಂದ ಬಂತ್ರಿ, ಹಂಗಾದ್ರ?"

"ಅದು ಫಿಲ್ಮ್‌ನಾಗ ಕಾಣಾಂಗಿಲ್ರಿ," ಎಂದರು ಡಾಕ್ಟರ್ ಮೆಲ್ಲಗೆ.

ಕಾಣಬೇಕಾಗಿಯೂ ಇರಲಿಲ್ಲ. ಆ ಮಂಚ, ಆ ಕೆಮ್ಮು, ಮೂಗಿಗೆ ಸುತ್ತಿದ ಟವೆಲ್ ಎಲ್ಲವೂ ಅಲ್ಲವ್ವನ ಕಣ್ಣ ಮುಂದಿದ್ದವು. ವರ್ಷವಿಡೀ ಹೊತ್ತ ಅಪವಾದ ಆ ಗಳಿಗೆಗೆ ಇಳಿಯಿತು. ಅದು ಇಳಿದ ಜಾಗದಲ್ಲಿ ಇನ್ನೂ ಭಾರವಾದದ್ದು ಬಂದು ಕೂತಿತು. ಅವನು ಆ ವಾರ್ಡಿನೊಳಗೆ ಕಾಲಿಡುವ ಕಾರಣವೇ ಇರಲಿಲ್ಲ.

ಕುಲಗೋಡದ ಬಸ್ಸಿನಲ್ಲಿ ಸುವರ್ಣಾ ಅಳುತ್ತ ಹೇಳಿದಳು, "ಯವ್ವಾ, ಆಯಿಗೆ ಹೇಳು. ನಿನ್ನಿಂದ ಅಪ್ಪಗ ಹತ್ತಿಲ್ಲಂತ ಆಕಿಗೆ ಗೊತ್ತಾಗ್ಲಿ."

ಅಲ್ಲವ್ವ ಕಿಟಕಿಯಾಚೆ ಕಬ್ಬಿನ ಹೊಲಗಳನ್ನು ನೋಡುತ್ತ ಕೂತಳು. ಅತ್ತೆಗೆ ಹೇಳಿದರೆ ತಾನು ಹಗುರಾಗಬಹುದು. ಆದರೆ ಮಗ ಸುಮ್ಮನೆ ಸತ್ತನೆಂಬುದನ್ನು ಆ ಮುದುಕಿಯ ಕಿವಿಗೆ ಹೇಗೆ ಹಾಕುವುದು? ಹೇಳುವುದು ಬೇಡವೆಂದೇ ಅವಳು ಬಸ್ಸಿಳಿದಳು.

ಆದರೆ ಅಕ್ಕವ್ವ ಬಾಗಿಲಲ್ಲೇ ಕೂತಿದ್ದಳು. ಎಷ್ಟೋ ತಿಂಗಳ ಮೇಲೆ ಸೊಸೆಯನ್ನು ತಾನಾಗಿ ಮಾತಾಡಿಸಿದಳು. "ಏನಂದ್ರು ಡಾಕ್ಟರ್?"

ಆ ದನಿ ಕೇಳಿದ್ದೇ ಅಲ್ಲವ್ವನ ನಿರ್ಧಾರ ಕರಗಿತು. ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

"ನನಗ ಆ ರೋಗನ ಬಂದಿದ್ದಿಲ್ಲ, ಅತ್ತಿ. ಆದ್ರ ನನ್ನ ಸಲುವಾಗೇ ಅವರು ಒಳಗ ಹೋಗಿದ್ರು. ಅದೇನ ಸುಳ್ಳಲ್ಲ."

ಮುದುಕಿ ಅಂಗಳದ ಕಡೆ ಮುಖ ತಿರುಗಿಸಿದಳು.

"ಆಂವ ಸಣ್ಣಾಂವಿದ್ದಾಗಿಂದ ನೋಡೇನಿ," ಎಂದಳು. "ಬ್ಯಾನಿ ಬಂದ ಜೀವದ ಬಾಜೂ ಬಿಟ್ಟ ಏಳಾಂವಲ್ಲ ಆಂವ. ಯಾರ ಬ್ಯಾಡಂದ್ರೂ ಹೋಗಾಂವನ." ಸೊಸೆಯ ಕಡೆ ತಿರುಗಿದಳು. "ನಾ ತಪ್ಪ ನಿನ್ನ ಮ್ಯಾಗ ಹಾಕಿ ಕುಂತಿದ್ನೆವ್ವಾ."

ಹಾಗೆಂದವಳು ಸೊಸೆಯ ಕೊರಳಿಗೆ ಬಿದ್ದು, ಮಗನ ಹೆಸರು ಹಿಡಿದು, ಅವನ ಗುಣ ಹಾಡಿಕೊಂಡು ಅಳತೊಡಗಿದಳು. ಓಣಿಯ ಹೆಂಗಸರು ಯಾರು ಹೋದರೋ ಎಂದು ಓಡಿ ಬಂದರು. ಸುವರ್ಣಾ ವಿಷಯ ಹೇಳಿದಳು. ಅಂದು ಬಾರದವರು ಇಂದು ಅಂಗಳದಲ್ಲಿ ಕೂತು ಕೆಂಚಪ್ಪನಿಗಾಗಿ ಅತ್ತರು.

ಅಲ್ಲವ್ವನೂ ಅಳಲು ಹೋದಳು. ಉಸಿರು ಸಿಕ್ಕಿಕೊಂಡು ಕೆಮ್ಮು ಒತ್ತರಿಸಿತು. ಅಕ್ಕವ್ವ ಅವಳ ಬೆನ್ನ ಮೇಲೆ ಕೈಯಾಡಿಸಿದಳು.

"ನೀ ಅಳಬ್ಯಾಡ, ನಿನಗ ಉಸಿರ ಸಾಲಾಂಗಿಲ್ಲ. ನಿನ್ನ ಪಾಲಿಂದೂ ನಾನ ಅಳ್ತೀನಿ."

ಮುದುಕಿ ಹೊತ್ತು ಮುಳುಗುವವರೆಗೂ ಅತ್ತಳು. ಅಲ್ಲವ್ವ ಗೋಡೆಗೆ ಒರಗಿ, ಸಣ್ಣ ಸಣ್ಣ ಉಸಿರು ತೆಗೆಯುತ್ತ, ಕೇಳುತ್ತ ಕುಳಿತಳು.