ಕಿತ್ತು ನೋಡಿದ ಕಡಲು

ಅಂಕಿಅಂಶ ಕಚೇರಿಯ ಕಡಲು ವಿಭಾಗಕ್ಕೆ ಸೇರಿದ ಮೇಲೆ ಮನೆಯಲ್ಲಿ ಅವಳ ಹೆಸರೇ ಲೆಕ್ಕದ ರಾಣಿ ಎಂದಾಯಿತು. ಹೆಸರಿಟ್ಟವರು ದೊಡ್ಡಮ್ಮ, ಅಂದರೆ ಗಂಡನ ತಾಯಿಯ ಅಕ್ಕ. ತಾಯಿಯಿಲ್ಲದ ಹುಡುಗನನ್ನು ಸಾಕಿ, ಕೈಗೆ ಉಳಿ ಕೊಟ್ಟು, ದೋಣಿ ಕಟ್ಟುವ ಬಡಗಿಯನ್ನಾಗಿ ಮಾಡಿದ್ದು ಅವರೇ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬಂದರಿನ ಕೆಳಬೀದಿಯಲ್ಲಿ ಮನೆಗೆ ಅಂಟಿಕೊಂಡೇ ದೋಣಿಯ ಶೆಡ್ಡು. ಹಲಗೆಗೂ ಹಲಗೆಗೂ ನಡುವೆ ಉಳಿಯುವ ಸಂದಿಗೆ ಹತ್ತಿಯ ಹುರಿ ಇಟ್ಟು, ಮರದ ಸುತ್ತಿಗೆಯಿಂದ ಬಡಿದು ಕೂರಿಸುವುದು ದೊಡ್ಡಮ್ಮನ ಕೆಲಸ. ಟಕ್ ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್ ಟಕ್. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ರಾಣಿಯ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗಲೋ, ಆ ಸದ್ದು ಕೇಳದಿದ್ದರೆ ಬೆಳಗಾಯಿತೆಂದೇ ಅನಿಸುವುದಿಲ್ಲ.

ಕಚೇರಿಗೆ ಬಂದಿದ್ದ ಪ್ರಶ್ನೆ ಒಂದೇ ಸಾಲಿನದು: ಈ ದೇಶಕ್ಕೆ ಕಡಲಿನಿಂದ ಆಗುವ ಗಳಿಕೆ ಎಷ್ಟು? ಕೇಳುವವರಿಗೇನು, ಕೇಳಿಬಿಡುತ್ತಾರೆ. ಮೀನುಗಾರಿಕೆ, ಹಡಗು, ಬಂದರು, ಉಪ್ಪು, ಬಲೆ, ಮಂಜುಗಡ್ಡೆ ಎಂದು ಕೂಡುತ್ತಾ ಹೋದರೆ ಮುಗಿಯುವ ಬಾಬತ್ತಲ್ಲ ಅದು. ಹಾಗಾಗಿ ಕೂಡುವ ಬದಲು ಕಳೆದು ನೋಡುವ ಒಂದು ಪದ್ಧತಿ ಇತ್ತು. ಯಾವ ಉದ್ಯಮ ಯಾವುದರಿಂದ ಏನು ಕೊಳ್ಳುತ್ತದೆ, ಯಾವುದಕ್ಕೆ ಏನು ಮಾರುತ್ತದೆ ಎಂಬ ದೊಡ್ಡ ಕೋಷ್ಟಕ ಕಂಪ್ಯೂಟರಿನಲ್ಲಿದೆ. ಅದರಿಂದ ಕಡಲಿನ ಸಾಲುಗಳನ್ನೆಲ್ಲ ಕಿತ್ತು, ಉಳಿದ ದೇಶ ಎಷ್ಟು ಕುಸಿಯುತ್ತದೆ ಎಂದು ನೋಡುವುದು. ಮೊದಲ ಸುತ್ತಿನಲ್ಲಿ ದೋಣಿ, ಹಡಗು, ಬಂದರು ಹೋಗುತ್ತವೆ. ಎರಡನೆಯದರಲ್ಲಿ ಅವಕ್ಕೆ ಮಂಜುಗಡ್ಡೆ, ಬಲೆ, ಡೀಸೆಲ್ ಒದಗಿಸುವವರು. ಮೂರನೆಯದರಲ್ಲಿ ಇವರೆಲ್ಲರ ಸಂಬಳ ನಂಬಿಕೊಂಡ ಚಹಾದಂಗಡಿ, ದರ್ಜಿ, ಬಸ್ಸು, ಶಾಲೆ. ಎಷ್ಟು ಬಿತ್ತೋ ಅಷ್ಟು ಕಡಲಿನ ಬೆಲೆ. ಕಚೇರಿಯ ಭಾಷೆಯಲ್ಲಿ ಇದಕ್ಕೆ ಕಿತ್ತು ನೋಡುವುದು ಎಂದೇ ಹೆಸರು. ಅದಕ್ಕೊಂದು ಕಟ್ಟಳೆಯೂ ಇತ್ತು. ಕಿತ್ತವರು ಮರಳಿ ನೆಡದೆ ಕುರ್ಚಿಯಿಂದ ಏಳಬಾರದು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಮನೆಯಿಂದ ಹೊರಡುವಾಗ ಒಲೆ ಆರಿಸಿದೆವೋ ಇಲ್ಲವೋ ಎಂದು ನೋಡುವ ಹಾಗೆ ಎಲ್ಲರೂ ಪಾಲಿಸುತ್ತಿದ್ದರು.

ಆ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ದೊಡ್ಡಮ್ಮ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ನಮ್ಮ ಶೆಡ್ಡನ್ನೂ ಲೆಕ್ಕಕ್ಕೆ ಹಿಡಿದಿದ್ದೀಯಾ ಎಂದು ವಿಚಾರಿಸಿದರು. ಹಿಡಿದಿದ್ದೇನೆ ಎಂದಳು ರಾಣಿ. ಬಡಗಿ ಒಬ್ಬ, ಕೂಲಿಯ ಆಳು ಇಬ್ಬರು.

"ಮತ್ತೆ ನಾನು?"

ರಾಣಿಗೆ ಮುಜುಗರವಾಯಿತು. ಸಂಬಳವಿಲ್ಲದೆ ದುಡಿಯುವ ಮನೆಮಂದಿಗೂ ಕೋಷ್ಟಕದಲ್ಲಿ ಒಂದು ಕಂಬಸಾಲು ಇತ್ತು. ಆದರೆ ಅದನ್ನು ತುಂಬಲು ಹೋದರೆ ತಲೆಬಿಸಿ, ಈ ವರ್ಷ ಬಿಟ್ಟುಬಿಡಿ ಎಂದಿದ್ದರು ಮುಖ್ಯಸ್ಥರು. ಅವಳೂ ಅಬ್ಬಾ ಪೀಡೆ ಕಳೆಯಿತು ಎಂದುಕೊಂಡೇ ಬಿಟ್ಟಿದ್ದಳು. ನಿಮಗೆ ಕೂಲಿ ಇಲ್ಲವಲ್ಲ ದೊಡ್ಡಮ್ಮ, ಕೂಲಿ ಇಲ್ಲದವರು ಲೆಕ್ಕಕ್ಕೆ ಬರುವುದಿಲ್ಲ ಎಂದು ಸಮಜಾಯಿಷಿ ಕೊಟ್ಟಳು.

ದೊಡ್ಡಮ್ಮ ನಕ್ಕರು. ನಗೆಯಲ್ಲಿ ಒಂಚೂರು ಹುಳಿ ಇತ್ತು. "ಆಯ್ತು ಬಿಡು ತಾಯಿ. ನಿನ್ನ ಲೆಕ್ಕದಲ್ಲಿ ಸಂದಿ ಇದ್ರೆ ಇರ್ಲಿ. ನಾನಂತೂ ಇವತ್ತಿನವರೆಗೆ ಒಂದು ಸಂದಿ ಬಿಟ್ಟು ಎದ್ದವಳಲ್ಲ." ಹಾಗೆಂದು ಶೆಡ್ಡಿಗೆ ಹೋದರು. ರಾಣಿ ಚೀಲ ಹೆಗಲಿಗೇರಿಸಿ ಬೀದಿಗೆ ಇಳಿಯುವಾಗ ಟಕ್ ಟಕ್ ಶುರುವಾಗಿತ್ತು. ಸಂಜೆ ಬಂದು ಸಮಾಧಾನ ಮಾಡಿದರಾಯಿತು ಎಂದುಕೊಂಡಳು.

ಮಧ್ಯಾಹ್ನ ಊಟಕ್ಕೆ ಮುಂಚೆ ಕಡಲನ್ನು ಕಿತ್ತಳು. ಅಂಕಿಗಳು ಕುಸಿದು ನಿಂತವು, ಬೇಕಿದ್ದ ಮೊತ್ತ ತೆರೆಯ ಮೇಲೆ ಬಂತು. ಇನ್ನೇನು ಮರಳಿ ನೆಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಮುಖ್ಯಸ್ಥರು. ಮಂತ್ರಿಗಳ ಕಡೆಯಿಂದ ಫೋನು ಬಂದಿದೆ, ಮೊತ್ತ ಬರೆದುಕೊಂಡು ಈಗಲೇ ನನ್ನ ಕೋಣೆಗೆ ಬನ್ನಿ ಎಂದು ಕಾಲಿಗೆ ಚಕ್ರ ಕಟ್ಟಿದವರಂತೆ ಹೇಳಿ ಹೋದರು. ಅವಳೂ ಅದೇ ಗಡಿಬಿಡಿಯಲ್ಲಿ ಚೀಟಿ ಹಿಡಿದು ಎದ್ದುಬಿಟ್ಟಳು. ಎದ್ದದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಮುಖ್ಯಸ್ಥರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. ಯಾವ ಮೊತ್ತ ಇದು ಎಂದು ಕೇಳಿದರು. ಕಡಲಿನದು ಎಂದಳು. ಅವರು ಅವಳನ್ನೇ ಒಂದು ಗಳಿಗೆ ನೋಡಿ, ಬಹಳ ಮೆದುವಾಗಿ, "ಹುಷಾರಾಗಿದ್ದೀರಾ? ನಮ್ಮ ದೇಶಕ್ಕೆ ಎಲ್ಲಿಯ ಕಡಲು?" ಎಂದರು.

ತಮಾಷೆ ಇರಬೇಕೆಂದು ಅವಳು ನಗಲು ಹೋದಳು. ಅವರ ಹಿಂದೆ ಕಿಟಕಿ ಇತ್ತು. ಆ ಕಿಟಕಿಯಿಂದ ದಿನವೂ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಈಗ ಅಲ್ಲಿ ಮನೆಗಳ ಆಚೆ ಬೋಳು ಬಯಲು, ಬಯಲಿನ ಆಚೆಗೂ ಬಯಲೇ.

ಅಲ್ಲಿಂದ ಬೀದಿಗೆ ಓಡಿದಳು. ಆಗಲೇ ಕುರ್ಚಿಗೆ ಹೋಗಿ ಕೂತಿದ್ದರೆ ಚೆನ್ನಾಗಿತ್ತು, ಆದರೆ ಜೀವ ಬಾಯಿಗೆ ಬಂದವರಿಗೆ ಮೊದಲು ನೆನಪಾಗುವುದು ಮನೆ. ಬೀದಿಯಲ್ಲಿ ಗಾಳಿ ಬೀಸುತ್ತಿತ್ತು, ಗಾಳಿಯಲ್ಲಿ ಉಪ್ಪಿರಲಿಲ್ಲ. ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದರು. ಮೂಲೆಯಲ್ಲಿ ಮಂಜುಗಡ್ಡೆ ಲಾರಿಯ ಡ್ರೈವರ್ ನಿಂತಿದ್ದ. ದಿನವೂ ಕೈ ಎತ್ತಿ ನಗುವವನು, ಈಗ ಏನೋ ಮರೆತವನ ಹಾಗೆ ತನ್ನ ಖಾಲಿ ಅಂಗೈ ನೋಡಿಕೊಳ್ಳುತ್ತಿದ್ದ. ಲಾರಿ ಎಲ್ಲಿ ಎಂದು ಕೇಳುತ್ತಾ ಅವಳು ಹತ್ತಿರ ಹೋದಳು. ಕೇಳಿ ಮುಗಿಯುವಷ್ಟರಲ್ಲಿ ಅವನೂ ಇರಲಿಲ್ಲ. ಓಡಿಹೋದದ್ದಲ್ಲ, ಮರೆಗೆ ಸರಿದದ್ದೂ ಅಲ್ಲ. ಅವನು ನಿಂತಿದ್ದ ಕಡೆ ಗೋಡೆಯ ಸುಣ್ಣ ಕಾಣುತ್ತಿತ್ತು, ಅಷ್ಟೇ. ಎರಡನೆಯ ಸುತ್ತು ನಡೆಯುತ್ತಿದೆ ಎಂದು ಆಗ ಅವಳಿಗೆ ಹೊಳೆಯಿತು.

ಕೆಳಬೀದಿ ಇಳಿಜಾರಿನ ಅರ್ಧದಲ್ಲೇ ಮುಗಿದಿತ್ತು. ಮನೆಯಿಲ್ಲ, ಶೆಡ್ಡಿಲ್ಲ, ಒಣ ಹುಲ್ಲು. ಕಿವಿಗೊಟ್ಟು ನಿಂತಳು. ಎಲ್ಲಿಯೂ ಸುತ್ತಿಗೆಯ ಸದ್ದಿಲ್ಲ. ಗಂಡನನ್ನು ಕೂಗಲು ಬಾಯಿ ತೆರೆದರೆ ಅವನ ಮುಖ ನೆನಪಿಗೆ ಬರುವುದು ಒಂದು ಕ್ಷಣ ತಡವಾಯಿತು. ಅವಳು ಈ ಊರಿಗೆ ಬಂದದ್ದೇ ಕಡಲಿನ ಕೆಲಸಕ್ಕೆ, ಅವನನ್ನು ಕಂಡದ್ದೇ ದೋಣಿಗಳನ್ನು ಎಣಿಸಲು ಹೋದಾಗ. ಕೈ ನೋಡಿಕೊಂಡಳು. ಬೆರಳಿನಲ್ಲಿ ಉಂಗುರ ಇರಲಿಲ್ಲ. ಉಂಗುರ ಕೂತಿದ್ದ ಬಿಳಿಯ ಗುರುತೂ ಮಾಸುತ್ತಿತ್ತು. ಅದು ಪೂರ್ತಿ ಮಾಸಿದರೆ ತಾನು ಯಾರನ್ನು ಕಳೆದುಕೊಂಡೆ ಎಂಬುದೂ ತನಗೆ ತಿಳಿಯುವುದಿಲ್ಲ ಎಂಬ ಭಯ ಅವಳನ್ನು ಹಿಡಿದು ಅಲುಗಿಸಿತು. ಬಸ್ಸಿಗೆ ಕಾಯೋಣವೆಂದರೆ ನಿಲ್ದಾಣದ ಕಂಬವೇ ಇಲ್ಲ. ಬಿದ್ದೂ ಎದ್ದೂ ಓಡಿದಳು.

ಕಚೇರಿಯಲ್ಲಿ ವಿಭಾಗದ ಬಾಗಿಲಿನ ಫಲಕ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಜವಾನ ಅವಳ ಕುರ್ಚಿಯನ್ನು ಹೊರಗೆ ಒಯ್ಯುತ್ತಿದ್ದ. ಈ ಕೋಣೆಯಲ್ಲಿ ಯಾರೂ ಕೂರುವುದಿಲ್ಲವಂತೆ ಮೇಡಂ, ನಿಮಗೆ ಯಾರು ಬೇಕಾಗಿತ್ತು ಎಂದು ಸೌಜನ್ಯದಿಂದಲೇ ಕೇಳಿದ. ಅವಳು ಅವನ ಕೈಯಿಂದ ಕುರ್ಚಿ ಕಿತ್ತುಕೊಂಡು, ಮೇಜಿನ ಮುಂದೆ ಎಳೆದು ಕೂತಳು. ಕಂಪ್ಯೂಟರಿನ ತೆರೆ ಇನ್ನೂ ಬೆಳಗುತ್ತಿತ್ತು. ಕಿತ್ತ ಸಾಲುಗಳನ್ನು ಒಂದೊಂದಾಗಿ ಮರಳಿ ನೆಟ್ಟಳು. ಬಂದರು, ಹಡಗು, ಮೀನು, ಉಪ್ಪು. ಕೊನೆಗೆ ಸಣ್ಣ ದೋಣಿಗಳ ಸಾಲು.

ದೂರದಲ್ಲಿ ಹಡಗಿನ ಸೈರನ್ ಕೂಗಿತು. ಬೆರಳಿಗೆ ಉಂಗುರ ತಣ್ಣಗೆ ತಾಗಿತು. ಏನು ಮೇಡಂ ಅಳುತ್ತಿದ್ದೀರಿ ಎಂದು ಜವಾನ ಗಾಬರಿಯಾಗಿ ನೀರು ತಂದ. ಅವಳು ಅಳುತ್ತಲೇ ನಕ್ಕಳು, ಗಂಡನಿಗೆ ಫೋನು ಮಾಡಿದಳು. ಕೆಲಸದ ಹೊತ್ತಿನಲ್ಲಿ ಇದೇನು ಎಂದು ಅವನು ಗದರಿದ. ಗದರಿದ್ದು ಕೇಳಿ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ಸಂಜೆ ಕೆಳಬೀದಿಯ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ಗರಗಸದ ಸದ್ದಿತ್ತು, ಆಳುಗಳ ಮಾತಿತ್ತು. ಟಕ್ ಟಕ್ ಇರಲಿಲ್ಲ.

ಶೆಡ್ಡಿನಲ್ಲಿ ಗಂಡ ಹೊಸ ದೋಣಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ದೋಣಿಯ ಮೈತುಂಬ ಸಂದಿಗಳು ಬಾಯಿ ಬಿಟ್ಟುಕೊಂಡಿದ್ದವು, ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು. "ನಾಳೆ ನೀರಿಗೆ ಇಳಿಸ್ಬೇಕು," ಎಂದ ಅವನು. "ಎಲ್ಲಾ ಆಗಿದೆ. ಇದೊಂದು ಯಾಕೆ ಆಗಿಲ್ಲ ಅಂತಾನೇ ಗೊತ್ತಾಗ್ತಿಲ್ಲ. ಇಷ್ಟು ದಿನ ಇದನ್ನ ಯಾರು ಮಾಡ್ತಿದ್ರು?"

"ದೊಡ್ಡಮ್ಮ ಎಲ್ಲಿ?"

"ಯಾರ ದೊಡ್ಡಮ್ಮ?"

ಅವನ ಮುಖದಲ್ಲಿ ಕಪಟವಿರಲಿಲ್ಲ. ತಾಯಿ ಹೋದ ಮೇಲೆ ಯಾರು ಸಾಕಿದರು ಎಂದು ಕೇಳಿದಳು. ಹೇಗೋ ಬೆಳೆದೆ ಎಂದು ಅವನು ಭುಜ ಕುಣಿಸಿದ. ಆದರೂ ಯಾಕೋ ಕಣ್ಣು ಒರೆಸಿಕೊಂಡ, ಒರೆಸಿಕೊಂಡದ್ದೇಕೆಂದು ಅವನಿಗೇ ತಿಳಿಯಲಿಲ್ಲ.

ನೆಲದ ಮೇಲೆ ಹತ್ತಿಯ ಹುರಿಯ ಸುರುಳಿ ಇತ್ತು, ಮರದ ಸುತ್ತಿಗೆ ಇತ್ತು. ಅವು ಅಂಗಡಿಯಿಂದ ಬಂದವು, ಅವುಗಳಿಗೆ ಬಿಲ್ಲಿತ್ತು, ಹಾಗಾಗಿ ಮರಳಿ ಬಂದಿದ್ದವು. ಅವನ್ನು ಹಿಡಿಯುವ ಕೈಗೆ ಬಿಲ್ಲಿರಲಿಲ್ಲ. ಗಿಡ ಕೀಳುವಾಗ ಬೇರಿನ ಜೊತೆ ಮಣ್ಣೂ ಎದ್ದು ಬಂದಿತ್ತು. ಮತ್ತೆ ನೆಡುವಾಗ ಅವಳು ಗಿಡವನ್ನಷ್ಟೇ ನೆಟ್ಟಿದ್ದಳು. ನಾಳೆ ಸಂಬಳವಿಲ್ಲದ ಮನೆಮಂದಿಯ ಆ ಕಂಬಸಾಲು ತೆರೆಯಬಹುದು. ತೆರೆದು ಏನು ಬರೆಯುವುದು? ಅದು ಕೇಳುವುದು ಕೂಲಿಯನ್ನು. ಕೊಡದ ಕೂಲಿಯ ಜಾಗದಲ್ಲಿ ಸೊನ್ನೆ ಬರೆದರೆ ಬರುವುದೂ ಸೊನ್ನೆಯೇ.

ಅವಳು ಸೆರಗು ಸಿಕ್ಕಿಸಿಕೊಂಡು ದೋಣಿಯ ಪಕ್ಕ ಕೂತಳು. ದೊಡ್ಡಮ್ಮ ಒಮ್ಮೆ ಬೈದು ಬೈದು ಕಲಿಸಿದ್ದ ಹಾಗೆ ಹುರಿಯನ್ನು ಸಂದಿಗೆ ಇಟ್ಟು ಬಡಿದಳು. ಟಕ್ ಟಕ್. ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಹಲಗೆಯ ಆಚೆಯಿಂದ, ದೋಣಿಯ ಒಳಗಿನಿಂದ, ಟಕ್ ಟಕ್ ಎಂದಿತು.

ಗಂಡ ಏಣಿ ಹತ್ತಿ ಒಳಗೆ ಇಣುಕಿದ. ಯಾರೂ ಇಲ್ಲ ಎಂದ. ಅವನ ದನಿ ಬದಲಾಗಿತ್ತು. ಆಳುಗಳು ಹೊರಗೆ ಹೋಗಿ ನಿಂತರು. ರಾಣಿ ಒಂದು ಸಂದಿ ಬಡಿದಳು, ಆಚೆಯಿಂದ ಉತ್ತರ ಬಂತು. ಇನ್ನೊಂದು ಬಡಿದಳು, ಮತ್ತೆ ಬಂತು. ಆದರೆ ಪ್ರತಿ ಸಂದಿ ಮುಚ್ಚಿದಾಗಲೂ ಆ ಸದ್ದು ಒಂದಿಷ್ಟು ದೂರವಾಗುತ್ತಿತ್ತು. ಬಿಟ್ಟರೆ ನಾಳೆ ದೋಣಿ ಮುಳುಗುತ್ತದೆ, ಮನೆಯ ಅನ್ನ ಮುಳುಗುತ್ತದೆ. ತುಂಬಿದರೆ ದೊಡ್ಡಮ್ಮ ಆಚೆಗೇ ಉಳಿಯುತ್ತಾರೆ. ಅಳುತ್ತಾ ಬಡಿದಳು.

ಕೊನೆಯ ಸಂದಿಗೆ ಬಂದಾಗ ಅವಳ ಕೈ ಏಳಲಿಲ್ಲ. ಹುರಿಯ ತುದಿಯನ್ನು ಸಂದಿಯ ಬಾಯಿಗೆ ಇಟ್ಟು, ಸುತ್ತಿಗೆಯನ್ನು ಕೆಳಗಿಟ್ಟು, ತುಟಿಯನ್ನು ಹಲಗೆಗೆ ತಂದಳು.

"ದೊಡ್ಡಮ್ಮಾ, ನಿಮ್ಮನ್ನ ಬಿಟ್ಟಿದ್ದು ನಾನೇ. ಇದೊಂದನ್ನ ತುಂಬಲ್ಲ. ಇದರಿಂದ ಬನ್ನಿ."

ಒಳಗೆ ಸದ್ದು ನಿಂತಿತು. ಅವಳು ಕಾದಳು. ಸಂದಿಯಿಂದ ತಂಪುಗಾಳಿ ಬಂದು ಕೆನ್ನೆಗೆ ತಾಗಿತು, ಚಹಾ ಮತ್ತು ಹತ್ತಿಯ ವಾಸನೆಯ ಗಾಳಿ. ಆಮೇಲೆ ಅವಳ ಕಣ್ಣೆದುರೇ ಹುರಿಯ ತುದಿ ಅಲುಗಿತು. ಯಾರೋ ಆಚೆಯಿಂದ ಎಳೆದುಕೊಳ್ಳುತ್ತಿದ್ದರು, ಅವಸರವಿಲ್ಲದೆ, ಪಳಗಿದ ಕೈಯಿಂದ. ಬೇಡ ದೊಡ್ಡಮ್ಮಾ ಎಂದು ಅವಳು ಹುರಿಯನ್ನು ಹಿಡಿದಳು. ಅದು ಬೆರಳುಗಳ ನಡುವಿನಿಂದ ಜಾರಿ ಒಳಗೆ ಹೋಯಿತು.

ಟಕ್ ಟಕ್ ಎಂದಿತು. ಸಂದಿ ತುಂಬಿತು.