ನಡುವೆ ಹತ್ತು ಓಮ್

ಶಿಷ್ಯ ಮೆಟ್ಟಿಲ ಮಧ್ಯದಲ್ಲಿ ನಿಂತು, ಮೇಲೆ ಹೇಳಬೇಕಾದ ಮಾತನ್ನು ಬೆರಳು ಮಡಿಸುತ್ತ ಬಾಯಿಪಾಠ ಮಾಡುತ್ತಿದ್ದ. ವಯಸ್ಸು ನಲವತ್ತೆಂಟು, ತಲೆ ಪೂರ್ತಿ ಬೋಳು. ಆದರೂ ಲ್ಯಾಬಿನಲ್ಲಿ ಎಲ್ಲರಿಗೂ ಅವನು ‘ಬಫರ್ ಸರ್ ಶಿಷ್ಯ’. ಆ ಬಫರ್ ಸರ್ ಈಗ ಕೆಳಗೆ ಹಾಲ್‌ನಲ್ಲಿ ಬಿಳಿ ಬಟ್ಟೆ ಹೊದ್ದು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಯಾರ ಮಾತನ್ನೂ ಯಾರಿಗೂ ಮುಟ್ಟಿಸದೆ ಮಲಗಿದ್ದರು.

ಮಹಡಿಯ ಕೋಣೆಯಲ್ಲಿ ಅವರ ಅಕ್ಕ. ಕೆಳಗೆ ಅವರ ಹೆಂಡತಿ. ಇಬ್ಬರಿಗೂ ಮಾತಿಲ್ಲ.

“ಮೇಲಿನ ಟೇಬಲ್ ಖಾಲಿ ಮಾಡಿ ಕೆಳಗೆ ಕಳಿಸ್ಬೇಕಂತೆ ಅಂತ ಹೇಳಿ. ಇವರ ಫೋಟೋ ಇಡೋಕೆ,” ಎಂದು ಹೆಂಡತಿ ಶಿಷ್ಯನನ್ನು ಅಟ್ಟಿದ್ದರು. ಆಮೇಲೆ ಪಕ್ಕದ ಮನೆಯ ಟೈಲರ್ ಕಡೆ ತಿರುಗಿ ದನಿ ತಗ್ಗಿಸಿದ್ದರು. “ಅತ್ತಿಗೆ ಇನ್ನು ಇಲ್ಲಿರ್ತಾರೋ ಇಲ್ವೋ. ಇವರಿಲ್ಲ, ಅವರೂ ಹೋಗಿಬಿಟ್ರೆ ಈ ಮನೇಲಿ ನಾನು ಗೋಡೆ ಜೊತೆ ಮಾತಾಡ್ಬೇಕು.”

“ಇರಿ ಅಂತ ನೀವೇ ಹೇಳಿ.”

“ಹನ್ನೊಂದು ವರ್ಷ ಆಯ್ತು. ಬಾಯಿ ಬರ್ಬೇಕಲ್ಲ.”

ಟೈಲರ್ ತಲೆಯಾಡಿಸಿದರು. “ನಿಜ ಹೇಳ್ತೀನಮ್ಮ, ಬಫರ್ ಅಂದ್ರೆ ಬಫೆ ಊಟ ಹಾಕೋರು ಅಂದ್ಕೊಂಡಿದ್ದೆ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಊಟಕ್ಕೆ ಕರೀಲಿಲ್ವಲ್ಲ ಅಂತ ಒಳಗೊಳಗೇ ಕೋಪ.”

ಮಹಡಿಯ ಬಾಗಿಲಲ್ಲಿ ಅಕ್ಕ ಕಣ್ಣೆತ್ತಿ ನೋಡಿದ್ದೇ ತಡ, ಶಿಷ್ಯನ ಬಾಯಿಪಾಠ ಮೆಟ್ಟಿಲಿಳಿದು ಓಡಿತು.

“ಏನಂತೆ?”

“ಮೇಲೆ ಖಾಲಿ ಮಾಡಿ ಕೆಳಗೆ... ಕಳಿಸ್ಬೇಕಂತೆ. ಬೇಗ!”

‘ಬೇಗ’ ಅನ್ನುವುದು ಅವನದೇ ಸೇರ್ಪಡೆ. ‘ಟೇಬಲ್’ ಅನ್ನುವುದು ಎಲ್ಲಿ ಬಿತ್ತೋ ಅವನಿಗೂ ಗೊತ್ತಾಗಲಿಲ್ಲ.

ಅಕ್ಕ ಬಾಗಿಲು ಮುಚ್ಚಿಕೊಂಡರು.

*

“ಸರ್, ಆಂಪ್ಲಿಫೈಯರ್ ಅಂದ್ಮೇಲೆ ದೊಡ್ಡದು ಮಾಡ್ಬೇಕಲ್ವಾ?” ಎಂದು ಶಿಷ್ಯ ಹತ್ತು ವರ್ಷದ ಹಿಂದೆ ಲ್ಯಾಬಿಗೆ ಸೇರಿದ ಹೊಸದರಲ್ಲಿ ಕೇಳಿದ್ದ.

“ನಮ್ಮ ಬಫರ್ ಮಾಡಲ್ಲ. ಒಂದು ವೋಲ್ಟ್ ಬಂದ್ರೆ ಒಂದೇ ವೋಲ್ಟ್ ಹೊರಗೆ. ಸೇರಿಸೋದಿಲ್ಲ, ಕಳೆಯೋದಿಲ್ಲ. ಹಿಂದೆ ದಮ್ಮು ಮಾತ್ರ ನಮ್ಮದು. ಎಷ್ಟೇ ಭಾರ ಇದ್ರೂ ತಳ್ಳತ್ತೆ.”

ಎದುರಿನ ಪರದೆಯ ಮೇಲೆ ಚೌಕನೆಯ ಅಲೆಯೊಂದು ಪ್ರತಿ ಮೂಲೆಯಲ್ಲೂ ಗಡಗಡ ನಡುಗುತ್ತಿತ್ತು. ಬಫರಿನ ಆ ತುದಿಗೆ ಮುನ್ನೂರು ಮೀಟರ್ ಕೇಬಲ್ಲಿನ ಸುರುಳಿ.

“ಅಷ್ಟುದ್ದದ ಕೇಬಲ್ ಅಂದ್ರೆ ದೊಡ್ಡ ಕೆಪಾಸಿಟರ್. ಕೆಪಾಸಿಟರ್ ಅಂದ್ರೆ ನಮ್ಮಕ್ಕ. ಹೇಳಿದ್ದನ್ನೆಲ್ಲ ಮೊದ್ಲು ಒಳಗೆ ತುಂಬ್ಕೊಳ್ತಾಳೆ. ಉತ್ತರ ಬರೋದು ತಡ. ಅಷ್ಟರಲ್ಲಿ ಆಂಪ್ಲಿಫೈಯರ್, ಅಂದ್ರೆ ನಮ್ಮನೆಯವಳು, ಇನ್ನೂ ತಲುಪಿಲ್ಲ ಅಂತ ಜೋರು ಮಾಡ್ತಾಳೆ. ಅಲ್ಲಿಂದ ಶುರು, ಕುಣಿತ.”

ಸರ್ ಬಫರಿಗೂ ಕೇಬಲ್ಲಿಗೂ ನಡುವೆ ಅಕ್ಕಿಕಾಳಿನಷ್ಟು ರೆಸಿಸ್ಟರ್ ಒಂದನ್ನು ಬೆಸುಗೆ ಹಾಕಿದರು. ನಡುಕ ನಿಂತಿತು.

“ಹತ್ತು ಓಮ್. ಸ್ವಲ್ಪ ತಡೀಬೇಕು, ಅಷ್ಟೇ. ಹೆಚ್ಚು ತಡೆದ್ರೆ ಮಾತೇ ತಲುಪಲ್ಲ.”

*

ಮನೆಯ ಕುಣಿತ ಶುರುವಾಗಿದ್ದು ಒಂದು ಲೋಟ ಚಹಾದಿಂದ. “ಅತ್ತಿಗೆ, ಇವತ್ತು ಚಹಾ ಸ್ವಲ್ಪ ತೆಳ್ಳಗಾಗಿದೆ,” ಎಂದಿದ್ದರು ಹೆಂಡತಿ. ಅಕ್ಕ ಮೂರು ದಿನ ಉಸಿರೆತ್ತಲಿಲ್ಲ. ನಾಲ್ಕನೇ ದಿನ, ಬಟ್ಟೆ ಒಣಹಾಕುತ್ತ, ಪೀಠಿಕೆಯೇ ಇಲ್ಲದೆ ಹೇಳಿದರು: “ತೆಳ್ಳಗಾಗಿದ್ದು ಚಹಾ ಅಲ್ಲ, ನನ್ನ ತಮ್ಮ.”

ಅಂದಿನಿಂದ ತಮ್ಮನಿಗೆ ಮನೆಯಲ್ಲೂ ಅದೇ ಕೆಲಸ. ಕೆಳಗಿನ ಮಾತು ಮೇಲಕ್ಕೆ, ಮೇಲಿನದು ಕೆಳಕ್ಕೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾತು ಕೈಗೆ ಬಂದ ಮೇಲೆ ಮೆಟ್ಟಿಲ ಬುಡದಲ್ಲಿ ಅರ್ಧ ಲೋಟ ನೀರು ಕುಡಿದೇ ಹೊರಡುತ್ತಿದ್ದರು. ಅಷ್ಟರಲ್ಲಿ ಮಾತಿನ ಬಿಸಿ ಆರಿ, ಬರೀ ಮಾತು ಉಳಿದಿರುತ್ತಿತ್ತು.

*

ವ್ಯಾನ್ ಬರಲು ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಅಕ್ಕ ಇಳಿದು ಬಂದರು. ಹಿಂದೆ ಸೂಟ್‌ಕೇಸ್, ಮೆಟ್ಟಿಲಿಗೊಂದು ಗುದ್ದು ಕೊಡುತ್ತ.

“ಖಾಲಿ ಮಾಡಿದ್ದೀನಿ ಅಂತ ಹೇಳಪ್ಪ ಅವಳಿಗೆ,” ಅಂದರು ಶಿಷ್ಯನಿಗೆ. ‘ಅವಳು’ ಮೂರಡಿ ದೂರದಲ್ಲಿದ್ದರು.

“ಖಾಲಿ ಮಾಡಿ ಅಂದಿದ್ಯಾರು ಅಂತ ಕೇಳಿ!”

“ಕೇಳಿಸ್ತು ಅಂತ ಹೇಳು. ನೀನೇ ತಾನೆ ಬಂದು ಅಂದಿದ್ದು? ಬೇಗ ಅಂತ ಬೇರೆ!”

ಹೆಂಡತಿ ಶಿಷ್ಯನತ್ತ ತಿರುಗಿದರು. “ಏನ್ರೀ ಹೇಳಿದ್ರಿ?”

“ನೀವು ಹೇಳಿದ್ದೇ ಮೇಡಂ. ಟೇಬಲ್ ಒಂದು... ಬಿಟ್ಟುಹೋಯ್ತು.”

“ಅಂಗಿ ಬಿಟ್ಟು ಗುಂಡಿ ತಲುಪಿಸಿದ್ದೀಯಲ್ಲೋ ಮಾರಾಯ!” ಅಂದರು ಟೈಲರ್.

ಅಕ್ಕ ಸೂಟ್‌ಕೇಸಿನ ಹಿಡಿ ಬಿಡಲಿಲ್ಲ. ಹೆಂಡತಿ ಅಭ್ಯಾಸಬಲದಿಂದ ಹಾಲ್‌ನ ನಡುವಿಗೆ ತಿರುಗಿದರು. “ರೀ, ಸ್ವಲ್ಪ ನಿಮ್ಮಕ್ಕನಿಗೆ ಹೇಳಿ...”

ಬಿಳಿ ಬಟ್ಟೆ ಅಲ್ಲಾಡಲಿಲ್ಲ. ಹೆಂಡತಿ ಮೆಲ್ಲಗೆ ಈಚೆ ತಿರುಗಿದರು.

“ಅತ್ತಿಗೆ. ನಾನು ಕೇಳಿದ್ದು ಟೇಬಲ್. ರೂಮಲ್ಲ. ನೀವು ಇರಿ.”

ಅಕ್ಕನ ಉತ್ತರಕ್ಕೆ ಎಲ್ಲರೂ ಕಾದರು. ನಾಲ್ಕನೇ ದಿನದವರೆಗೆ ಕಾಯಲು ಪುರಸೊತ್ತಿರಲಿಲ್ಲ; ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು.

ನಾಲ್ಕು ಜನ ಸರ್ ಅವರನ್ನು ಎತ್ತಿ ವ್ಯಾನಿನ ಹಿಂಭಾಗಕ್ಕೆ ಏರಿಸಿದರು. ಹೆಂಡತಿ ಪಕ್ಕದಲ್ಲೇ ಹತ್ತಿದರು. ಒಳಗೆ ಸೀಟಿರಲಿಲ್ಲ, ರಿಪೇರಿಗೆ ಕೊಟ್ಟಿದೆ ಎಂದ ಡ್ರೈವರ್. ಅಷ್ಟರಲ್ಲಿ ಅಕ್ಕ ಸೂಟ್‌ಕೇಸನ್ನು ವ್ಯಾನಿನ ಬಾಗಿಲಿನವರೆಗೂ ಎಳೆದು ತಂದರು. ಹೆಂಡತಿ ಅದನ್ನೇ ನೋಡಿದರು. ಸ್ಮಶಾನದಿಂದ ಹಾಗೇ ಬಸ್ಸು ಹಿಡಿಯುವ ಲೆಕ್ಕವೇನೋ.

ಅಕ್ಕ ಸೂಟ್‌ಕೇಸನ್ನು ಒಳಗೆ ತಳ್ಳಿ, ಅಡ್ಡ ಮಲಗಿಸಿ, ಅದರ ಅರ್ಧಕ್ಕೆ ಕೂತರು. ಉಳಿದರ್ಧವನ್ನು ಅಂಗೈಯಿಂದ ತಟ್ಟಿದರು.

“ನಿಂತ್ಕೊಂಡೇ ಬರ್ತೀಯಾ? ಕೂತ್ಕೋ.”

“ಮುರಿಯತ್ತೆ, ಅತ್ತಿಗೆ.”

“ಮುರೀಲಿ. ಅದನ್ನ ತಗೊಂಡು ಇನ್ನೆಲ್ಲಿಗೆ ಹೋಗ್ಬೇಕು ನಾನು?”

ಹೆಂಡತಿ ಕೂತರು. ವ್ಯಾನ್ ಹೊರಟಿತು. ಮೊದಲ ತಿರುವಿನಲ್ಲೇ ಸೂಟ್‌ಕೇಸಿನ ಬೀಗ ಟಪ್ಪೆಂದು ಹಾರಿ, ಸ್ವೆಟರಿನ ತೋಳೊಂದು ಹೊರಗೆ ಜೋತುಬಿತ್ತು. ಇಬ್ಬರೂ ಏಳಲಿಲ್ಲ.